ಬಾವಿಯ ಆಳ ಅಳೆದ ಹುಡುಗ

ಆಟಿಸಂ ಇರುವ ಯುವಕ ಯುವತಿಯರಿಗಾಗಿ ಬೆಂಗಳೂರಿನಲ್ಲಿ ನಾವು ನಡೆಸುವ ಭಾನುವಾರದ ಗುಂಪಿಗೆ ಹೊಸದಾಗಿ ಬರುವ ಅಪ್ಪ ಅಮ್ಮಂದಿರು ಮೊದಲು ಕೇಳುವುದು, "ಮೇಡಂ, ನಮ್ಮ ಹುಡುಗನಿಗೆ ಕೆಲಸ ಸಿಗುತ್ತಾ?" ಎಂದೇ. ಅವರನ್ನು ಕೂರಿಸಿಕೊಂಡು ಡೊನಾಲ್ಡ್ ಟ್ರಿಪ್ಲೆಟ್ ಕಥೆ ಹೇಳುತ್ತೇನೆ. 1943ರಲ್ಲಿ ಡಾಕ್ಟರ್ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದ ಲೇಖನದಲ್ಲಿ ಬರುವ 11 ಮಕ್ಕಳಲ್ಲಿ ಮೊದಲನೆಯವನು ಇವನೇ. ಊರು ಅಮೆರಿಕದ ಮಿಸಿಸಿಪ್ಪಿಯ ಫಾರೆಸ್ಟ್.

1942ರಲ್ಲಿ ಹುಡುಗನನ್ನು ಹತ್ತಿರದ ರೈತ ದಂಪತಿಯ ಮನೆಯಲ್ಲಿ ಬಿಟ್ಟರು. ಅವನಿಗೆ ಅಳತೆಯ ಹುಚ್ಚು. ಆ ದಂಪತಿ ಬೈಯಲಿಲ್ಲ; ಬಾವಿ ತೋಡಲು ಹಚ್ಚಿ, ಎಷ್ಟು ಆಳವಾಯಿತು ಹೇಳು ಅಂದರು. ಮೆಕ್ಕೆಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದಾಗ, ಉಳುತ್ತಾ ಎಣಿಸು ಅಂದರು. 1945ರಲ್ಲಿ ಕ್ಯಾನರ್ ನೋಡಲು ಹೋದಾಗ ಹುಡುಗ ಕುದುರೆ ಹೂಡಿ ಆರು ಉದ್ದನೆಯ ಸಾಲು ಉತ್ತು ತೋರಿಸಿದ. ಮುಂದೆ ಓದಿ, ಬ್ಯಾಂಕಿನಲ್ಲಿ ಕೆಲಸ ಮಾಡಿದ. ಬ್ಯಾಂಕು ತಾಯಿಯ ತವರಿನವರದು ಅನ್ನುವುದನ್ನೂ ನಾನು ಮುಚ್ಚಿಡುವುದಿಲ್ಲ.

1971ರಲ್ಲಿ ಕ್ಯಾನರ್ ಆ 11 ಮಕ್ಕಳನ್ನೆಲ್ಲ ಹುಡುಕಿಸಿದರು. ಸರ್ಕಾರಿ ಆಸ್ಪತ್ರೆಗಳಿಗೆ ಸೇರಿದವರು ಅಲ್ಲೇ ಬಾಡಿಹೋಗಿದ್ದರು.

ಮರುವರ್ಷವೇ ನಾರ್ತ್ ಕ್ಯಾರೊಲಿನಾದಲ್ಲಿ ಆಟಿಸಂ ಇರುವ ಮಕ್ಕಳಿಗಾಗಿ ಎರಿಕ್ ಶಾಪ್ಲರ್ ಕಟ್ಟಿದ ಟೀಚ್ ಕಾರ್ಯಕ್ರಮಕ್ಕೆ ರಾಜ್ಯವೇ ಹಣ ಕೊಡುವ ಕಾನೂನು ಬಂತು. ಮಕ್ಕಳು ಬೆಳೆದರು, ಶಾಲೆ ಮುಗಿಯಿತು, ಮುಂದೇನು? ಅಲ್ಲಿನ ಗ್ಯಾರಿ ಮೆಸಿಬೊವ್ ಹರೆಯದವರನ್ನೂ ದೊಡ್ಡವರನ್ನೂ ಗುಂಪಾಗಿ ಕೂರಿಸಿ, ಕಿವಿಗೊಡುವುದು, ಸರದಿಯಲ್ಲಿ ಮಾತಾಡುವುದು, ಜೋಕಿಗೆ ನಗುವುದು, ಹೀಗೆ ಅಭ್ಯಾಸ ಮಾಡಿಸಿದರು. 1984ರಲ್ಲಿ ಅದನ್ನು ಬರೆದು ಪ್ರಕಟಿಸಿದರು. 1989ರಿಂದ ಟೀಚ್‌ನ ಜಾಬ್ ಕೋಚ್‌ಗಳು ಕೆಲಸದ ಜಾಗಕ್ಕೇ ಹೋಗಿ ಕಲಿಸತೊಡಗಿದರು. ನಮ್ಮ ಗುಂಪು ನಡೆಯುವುದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ.

ಯಾಕೆಂದರೆ ಹೆಚ್ಚಿನ ಸಲ ಕೆಲಸ ಹೋಗುವುದು ಕೆಲಸ ಬಾರದೆ ಅಲ್ಲ, ಜನರ ಜತೆ ಹೊಂದಿಕೆಯಾಗದೆ. ನಮ್ಮ ಹುಡುಗನೊಬ್ಬ ಪ್ಯಾಕಿಂಗ್‌ನಲ್ಲಿ ಒಂದು ತಪ್ಪು ಮಾಡಿದವನಲ್ಲ. ಮಾಲೀಕರು "ಎರಡು ನಿಮಿಷ ಇರಪ್ಪ" ಅಂದರೆ ಸರಿಯಾಗಿ ಎರಡೇ ನಿಮಿಷಕ್ಕೆ ಬಾಗಿಲು ತಟ್ಟುತ್ತಿದ್ದ. ಅವರಿಗೆ ರೇಗಿತು. ನಾವು ಚೀಟಿಯಲ್ಲಿ "11:20ಕ್ಕೆ ಬಾ" ಎಂದು ಬರೆದುಕೊಡಿ ಅಂದೆವು. ಅಲ್ಲಿಗೆ ತಕರಾರು ಮುಗಿಯಿತು.

ನಮ್ಮ ದೇಶದ ಕಾನೂನು ನಿಧಾನ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಹೆಸರು ಬಂತು, ಸರ್ಕಾರಿ ನೌಕರಿಯ ಮೀಸಲಾತಿ ಬಂದದ್ದು 2016ರ ಕಾಯ್ದೆಯಲ್ಲಿ. ಅದೂ ಬೌದ್ಧಿಕ ಅಂಗವೈಕಲ್ಯ, ಕಲಿಕಾ ತೊಂದರೆ, ಮಾನಸಿಕ ಕಾಯಿಲೆಯಂಥವುಗಳ ಜತೆ ಹಂಚಿಕೊಳ್ಳಬೇಕಾದ ಶೇ. 1. ಈ ವಿಷಯದಲ್ಲಿ ನಮ್ಮೂರು ಕಾನೂನಿಗಿಂತ ಮುಂದಿತ್ತು: ಎಸ್‌ಎಪಿ ಎಂಬ ಸಾಫ್ಟ್‌ವೇರ್ ಕಂಪನಿ ಆಟಿಸಂ ಇರುವವರನ್ನು ನೇಮಿಸಿಕೊಳ್ಳುವ ಯೋಜನೆಯನ್ನು 2013ರಲ್ಲಿ ಜಗತ್ತಿಗೆ ಸಾರುವ ಹೊತ್ತಿಗಾಗಲೇ ಅದರ ಬೆಂಗಳೂರು ಕಚೇರಿಯಲ್ಲಿ ಅಂಥವರು ಸಾಫ್ಟ್‌ವೇರ್ ಪರೀಕ್ಷೆ ಮಾಡುತ್ತಿದ್ದರು.

ಎಲ್ಲರಿಗೂ ಸಾಫ್ಟ್‌ವೇರ್ ಬರುವುದಿಲ್ಲ, ಎಲ್ಲರ ತಾಯಿಯ ತವರಲ್ಲೂ ಬ್ಯಾಂಕಿಲ್ಲ. ನಿಮ್ಮ ಪ್ರೆಸ್ಸಿಗೋ ಅಂಗಡಿಗೋ ಇಂಥ ಹುಡುಗ ಹುಡುಗಿ ಕೆಲಸ ಕೇಳಿ ಬಂದರೆ ಸಂದರ್ಶನ ಮಾಡಬೇಡಿ. ಏನು ಮಾಡಬೇಕೆಂದು ಬರೆದುಕೊಟ್ಟು, ಒಂದು ವಾರ ಕೆಲಸ ಮಾಡಿಸಿ ನೋಡಿ.