ಯುರೋಪಿನ ‘ಜಿಂಜರ್‌’ಗೆ ದಕ್ಷಿಣದ ಬೇರು

ಶುಂಠಿಗೆ ಇಂಗ್ಲಿಷಿನಲ್ಲಿ ‘ಜಿಂಜರ್’, ಇಟಾಲಿಯನ್ನಿನಲ್ಲಿ ‘ಜೆಂಜೆರೊ’, ಜರ್ಮನ್ನಿನಲ್ಲಿ ‘ಇಂಗ್ವರ್’, ರಷ್ಯನ್ನಿನಲ್ಲಿ ‘ಇಂಬೀರ್’ ಎಂಬ ಹೆಸರುಗಳಿವೆ. ಕೇಳಲು ಬೇರೆ ಬೇರೆ ಎನಿಸಿದರೂ ಇವೆಲ್ಲ ಒಂದೇ ತಾಯಿಯ ಮಕ್ಕಳು. ಆ ತಾಯಿಯ ತವರು ದಕ್ಷಿಣ ಭಾರತ.

ಕ್ರಿ.ಶ. ಒಂದನೇ ಶತಮಾನದ ರೋಮನ್ನರಿಗೆ ಇದು ತಿಳಿದಿರಲಿಲ್ಲ. ಶುಂಠಿ ಎಂದರೆ ಮೆಣಸಿನ ಗಿಡದ ಬೇರು ಎಂಬ ಕೆಲವರ ನಂಬಿಕೆಯನ್ನು ಪ್ಲಿನಿ ತನ್ನ ‘ನಿಸರ್ಗ ಚರಿತ್ರೆ’ಯಲ್ಲಿ ತಿದ್ದಿದ. ಪೌಂಡಿಗೆ 6 ದೆನಾರಿ ಬೆಲೆ ಎಂದೂ ಬರೆದಿಟ್ಟ. ಆದರೆ ಅದು ಬೆಳೆಯುವುದು ಅರೇಬಿಯ ಮತ್ತು ಕೆಂಪು ಸಮುದ್ರದ ಆಫ್ರಿಕಾ ದಂಡೆಯಲ್ಲಿ ಎಂದು ತಪ್ಪಿದ. ಸರಕು ಬರುತ್ತಿದ್ದುದು ಆ ದಾರಿಯಲ್ಲೇ. ಅದರಾಚೆಯ ಊರು ಕೊಳ್ಳುವವರಿಗೆ ಕಾಣಲಿಲ್ಲ. ಹೆಸರು ಮಾತ್ರ ತನ್ನ ಊರಿನ ಗುರುತನ್ನು ಬಿಟ್ಟುಕೊಡಲಿಲ್ಲ.

ಲ್ಯಾಟಿನ್ನಿನ ‘ಜಿಂಗಿಬೆರಿ’ ಗ್ರೀಕಿನ ‘ಜಿಂಗಿಬೆರಿಸ್’ನಿಂದ ಬಂದದ್ದು. ಇನ್ನೂ ಹಿಂದಕ್ಕೆ ಹೋದರೆ ಪಾಲಿಯ ‘ಸಿಂಗಿವೇರ’, ಸಂಸ್ಕೃತದ ‘ಶೃಂಗವೇರ’ ಸಿಗುತ್ತವೆ. ಶೃಂಗ ಎಂದರೆ ಕೊಂಬು. ಶುಂಠಿಯ ಗೆಣ್ಣುಗಳು ಕೊಂಬಿನಂತಿರುವುದರಿಂದ ಈ ಹೆಸರು ಬಂತೆಂಬ ವಿವರಣೆ ಬಹುಕಾಲ ನಡೆಯಿತು. ಇಂದು ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪುವುದು ಬೇರೆಯದನ್ನು. ತಮಿಳು, ಮಲಯಾಳಂಗಳಲ್ಲಿ ಶುಂಠಿಗೆ ‘ಇಂಜಿ’ ಎನ್ನುತ್ತಾರೆ. ‘ವೇರ್’ ಎಂದರೆ ಬೇರು. ‘ಇಂಜಿ’ಯ ಆರಂಭದಲ್ಲಿ ಒಂದು ಕಾಲಕ್ಕೆ ‘ಚ’ಕಾರವಿತ್ತು, ತಮಿಳಿನಲ್ಲಿ ಅದು ಬಿದ್ದುಹೋಯಿತು, ಪಾಲಿಯಲ್ಲಿ ‘ಸ’ ಆಗಿ ಉಳಿಯಿತು. ಸಂಸ್ಕೃತವು ಈ ಎರವಲು ಪದವನ್ನು ತನಗೆ ಪರಿಚಿತವಾದ ‘ಶೃಂಗ’ದ ಅಚ್ಚಿಗೆ ಹಾಕಿತು.

ಇಂಗ್ಲಿಷ್ ಮಾಡಿದ್ದೂ ಇದೇ ಕೆಲಸ. ಪಾಕದಲ್ಲಿ ಹಾಕಿಟ್ಟ ಶುಂಠಿಗೆ ಹಳೆಯ ಫ್ರೆಂಚಿನಲ್ಲಿದ್ದ ‘ಜಿಂಜಂಬ್ರಾಸ್’ ಎಂಬ ಪದ ಇಂಗ್ಲಿಷರ ಬಾಯಲ್ಲಿ ‘ಜಿಂಜರ್‌ಬ್ರೆಡ್’ ಆಯಿತು. ಮೊದಲು ಅದರಲ್ಲಿ ಬ್ರೆಡ್ಡೇ ಇರಲಿಲ್ಲ! ಹೆಸರಿಗೆ ತಕ್ಕ ತಿನಿಸು ಬಂದದ್ದು ಆಮೇಲೆ.

ಜರ್ಮನ್ನಿನ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿಯೂ ಪದದ ಮೊದಲ ವ್ಯಂಜನ ಬಿದ್ದುಹೋಯಿತು. ಹೀಗಾಗಿ ಅರ್ಧ ಜಗತ್ತು ಸುತ್ತಿದ ಪದ ‘ಇಂಗ್ವರ್’ ಆಗಿ, ಅಕಸ್ಮಾತ್ತಾಗಿ, ‘ಇಂಜಿವೇರ್’ಗೆ ಮತ್ತೆ ಹತ್ತಿರವಾಯಿತು. ಈ ಒಂದು ಪದದ ಅಲೆದಾಟವನ್ನು ಕುರಿತೇ ಇಂಗ್ಲೆಂಡಿನ ವಿದ್ವಾಂಸ ಆಲನ್ ರಾಸ್ 1952ರಲ್ಲಿ ಪುಸ್ತಕ ಪ್ರಕಟಿಸಿದರು.

ಕನ್ನಡದ ಬಳಕೆಯಲ್ಲಿ ‘ಇಂಜಿ’ ಇಲ್ಲ. ಇಲ್ಲಿ ಅದು ಶುಂಠಿ. ಉತ್ತರ ಕರ್ನಾಟಕದಲ್ಲಿ ‘ಅಲ್ಲ’. ಆದರೆ ಪದದ ಉತ್ತರಾರ್ಧವಾದ ‘ಬೇರು’ ಕನ್ನಡಿಗರದೂ ಹೌದು. ‘ಜಿಂಜರ್’ನ ಕೊನೆಯಲ್ಲಿ ಕೇಳಿಸುವ ‘ರ್’ ಅದೇ ಬೇರಿನ ತುದಿ.