ಕಿವಿಯ ಪರೀಕ್ಷೆ ಕನ್ನಡ ಕಲಿತ ಬಗೆ

‘ಸದ್ದೇನೋ ಕೇಳುತ್ತದೆ, ಮಾತು ತಿಳಿಯುವುದಿಲ್ಲ.’ ವಯಸ್ಸಾದವರಿರುವ ಮನೆಗಳಲ್ಲಿ ಈ ದೂರು ಹೊಸದಲ್ಲ. ಗುಬ್ಬಿಯಾಗಲಿ, ಕುಣಿಗಲ್ಲಾಗಲಿ, ಮನೆಯವರ ಉತ್ತರವೂ ಒಂದೇ: ಅಜ್ಜನಿಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ! ಆದರೆ ಅಜ್ಜ ಹೇಳುತ್ತಿರುವುದು ನಿಜ. ಸದ್ದು ಕೇಳುವುದು ಒಂದು, ಆ ಸದ್ದಿನೊಳಗಿನ ಮಾತನ್ನು ಗುರುತಿಸುವುದು ಇನ್ನೊಂದು. ಇವೆರಡನ್ನೂ ಬೇರೆಬೇರೆಯಾಗಿ ಅಳೆಯುವುದನ್ನು ವೈದ್ಯರು ಕಲಿತದ್ದು ನಿಧಾನವಾಗಿ. ಕನ್ನಡದಲ್ಲಿ ಅಳೆಯಲು ಇನ್ನಷ್ಟು ಕಾಲ ಹಿಡಿಯಿತು.

ಮೊದಲ ಉಪಕರಣ ಬಂದದ್ದು ಸಂಗೀತಗಾರರಿಂದ. ಇಂಗ್ಲೆಂಡಿನ ಆಸ್ಥಾನದ ತುತ್ತೂರಿ ವಾದಕ ಜಾನ್ ಶೋರ್ 1711ರಲ್ಲಿ ಶ್ರುತಿಕವೆಯನ್ನು ರೂಪಿಸಿದ. (ವೀರಣ್ಣನವರ ಗುಬ್ಬಿಯವರಿಗೆ ಶ್ರುತಿಯೆಂದರೇನೆಂದು ವಿವರಿಸಬೇಕಾಗಿಲ್ಲ.) ಮಿಡಿದ ಕವೆಯನ್ನು ನೆತ್ತಿಯ ಮೇಲೋ ಹಣೆಯ ಮೇಲೋ ಊರಿ ನೋಡುವ ಪರೀಕ್ಷೆಗೆ ಜರ್ಮನಿಯ ವೇಬರ್ ಹೆಸರಿದೆ, ಕಿವಿಯ ಹಿಂದಿನ ಎಲುಬಿಗೆ ಊರಿ, ಸದ್ದು ಅಡಗಿದ ಮೇಲೆ ಕಿವಿಯ ಬಾಯಿಗೆ ಹಿಡಿಯುವ ಕ್ರಮವನ್ನು 1855ರಲ್ಲಿ ರಿನ್ನೆ ವಿವರಿಸಿದ. ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ ‘ಮ್‌’ ಎಂದು ಗುನುಗಿ ನೋಡಿ. ಮುಚ್ಚಿದ ಕಿವಿಯಲ್ಲೇ ಸದ್ದು ಜೋರು. ಗುಗ್ಗೆ ತುಂಬಿದ, ಸೋರುವ ಕಿವಿಯಲ್ಲೂ ಹೀಗೆಯೇ. ನರ ಸೊರಗಿದ್ದರೆ ಒಳ್ಳೆಯ ಕಿವಿಯಲ್ಲೇ ಜೋರು. ಜೇಬಿನಲ್ಲಿಟ್ಟುಕೊಳ್ಳಬಹುದಾದ ಲೋಹದ ತುಂಡೊಂದು, ಗುಣಪಡಿಸಬಹುದಾದ ಕಿವುಡನ್ನೂ ಉಪಕರಣ ಬೇಕಾಗುವ ಕಿವುಡನ್ನೂ ಬಹುಮಟ್ಟಿಗೆ ಬೇರ್ಪಡಿಸುತ್ತದೆ.

ಒಳಕಿವಿಯ ಇನ್ನೊಂದು ಕೆಲಸ ದೇಹದ ಸಮತೋಲ. ತಲೆ ಸುತ್ತಿದರೆ ಪಿತ್ತ ನೆತ್ತಿಗೇರಿತೆನ್ನುವುದು ನಮ್ಮ ರೂಢಿ. ವಿಯೆನ್ನಾದ ರಾಬರ್ಟ್ ಬಾರಾನಿ ರೋಗಿಗಳ ಕಿವಿ ತೊಳೆಯುತ್ತಿದ್ದಾಗ ಕೆಲವರಿಗೆ ತಲೆ ಸುತ್ತುತ್ತಿತ್ತು. ನೀರು ತಣ್ಣಗಿತ್ತೆಂದು ಒಬ್ಬ ರೋಗಿ ದೂರಿದ. ಬಿಸಿ ನೀರು ಹಾಕಿದಾಗಲೂ ತಲೆ ಸುತ್ತಿತು, ಆದರೆ ಕಣ್ಣುಗುಡ್ಡೆ ಅದುರಿದ್ದು ಎದುರು ದಿಕ್ಕಿಗೆ! ಬಿಸಿಯೋ ತಂಪೋ ತಾಗಿದಾಗ ಒಳಕಿವಿಯ ಅರ್ಧವೃತ್ತದ ನಾಳಗಳಲ್ಲಿನ ದ್ರವ ಚಲಿಸುತ್ತದೆಂದು ಬಾರಾನಿ ಊಹಿಸಿದರು. 1914ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದಾಗ ಅವರು ರಷ್ಯದಲ್ಲಿ ಯುದ್ಧಕೈದಿ. ಮುಂದೆ 1952ರಲ್ಲಿ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ವಿವರಿಸಿದ ಪರೀಕ್ಷೆಗೆ ನೀರೂ ಬೇಡ, ಮಂಚವೊಂದಿದ್ದರೆ ಸಾಕು. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ರೋಗಿಯನ್ನು ತಟ್ಟನೆ ಹಿಂದಕ್ಕೆ ಮಲಗಿಸಿ, ಕಣ್ಣುಗಳನ್ನು ಗಮನಿಸುವುದು. ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿದ್ದರೆ ಗೊತ್ತಾಗುತ್ತದೆ. ತಲೆಯನ್ನು ಕ್ರಮವಾಗಿ ಹೊರಳಿಸಿ ಅವನ್ನು ಸ್ವಸ್ಥಾನಕ್ಕೆ ಮರಳಿಸಲೂ ಬರುತ್ತದೆ. ತೆಂಗು, ಅಡಿಕೆ ಮರ ಹತ್ತಿ ಬದುಕುವವರಿರುವ ಗುಬ್ಬಿ ಸೀಮೆಯಲ್ಲಿ ಇದು ಸಣ್ಣ ವಿಷಯವೇನಲ್ಲ.

ಇವಾವುದಕ್ಕೂ ಭಾಷೆಯ ಹಂಗಿಲ್ಲ. ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ಪ್ರಕಟಿಸಿದ ಸಂಗತಿಯಂತೂ ಸೋಜಿಗದ್ದು: ಸದ್ದು ಕೇಳಿದ ಆರೋಗ್ಯವಂತ ಕಿವಿ ತಾನೇ ಕ್ಷೀಣವಾದ ಮರುಸದ್ದು ಹೊರಡಿಸುತ್ತದೆ. ನಿದ್ದೆಯಲ್ಲಿರುವ ಹಸುಗೂಸನ್ನೂ ಇದರಿಂದ ಪರೀಕ್ಷಿಸಬಹುದು. ತಟ್ಟೆ ಬಡಿದಾಗ ಕೂಸು ಬೆಚ್ಚಿತೆಂಬುದನ್ನು ನೆಚ್ಚಿ, ಎರಡು ಮೂರು ವರ್ಷ ಮಾತಿಗಾಗಿ ಕಾದು ಕೂರಬೇಕಾಗಿಲ್ಲ.

ತುಮಕೂರಿನಂಥ ಪಟ್ಟಣಕ್ಕೆ ಬಂದ ಅಜ್ಜನಿಗೆ ಆಡಿಯೋಮೀಟರಿನಲ್ಲಿ 250ರಿಂದ 8000 ಹರ್ಟ್ಸ್‌ವರೆಗಿನ ಸ್ವರಗಳನ್ನು ಕೇಳಿಸುತ್ತಾರೆ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕಳೆದುಹೋಗುವುದು ಮೇಲಿನ ಸ್ವರಗಳು. ‘ಅ’, ‘ಇ’ಗಳು ಕೇಳುತ್ತವೆ, ವ್ಯಂಜನಗಳು ಮಸುಕಾಗುತ್ತವೆ. ಆಗ ಹತ್ತಿ, ಕತ್ತಿ, ಬತ್ತಿಗಳ ವ್ಯತ್ಯಾಸ ತಿಳಿಯುವುದು ಕಷ್ಟ. ಇದನ್ನು ಅಳೆಯಲು ಪದಗಳನ್ನೇ ಕೇಳಿಸಬೇಕು. ಅಮೆರಿಕದಲ್ಲಿ 1950ರ ದಶಕದಲ್ಲಿ ಪ್ರಚಲಿತವಾದ ಪಟ್ಟಿಯಲ್ಲಿ ಬೇಸ್‌ಬಾಲ್, ಹಾಟ್‌ಡಾಗ್, ಕೌಬಾಯ್ ಇವೆ. ಕುಣಿಗಲ್ ಕಡೆಯ ರೈತರಿಗೆ ಇವನ್ನು ಕೇಳಿಸಿ ಕಿವಿಯ ಯೋಗ್ಯತೆ ತೀರ್ಮಾನಿಸುವುದುಂಟೆ?

ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಕೆಲಸ ಇಲ್ಲಿ ಮುಖ್ಯವಾಗುತ್ತದೆ. ಕನ್ನಡದ ಮಾತಿನಲ್ಲಿ ಧ್ವನಿಗಳು ಬರುವ ಪ್ರಮಾಣಕ್ಕೆ ಹೊಂದುವಂತೆ ಆಯ್ದ ಪದಪಟ್ಟಿಯನ್ನು ಅಲ್ಲಿನ ಆಶಾ ಯತಿರಾಜ್ ಮತ್ತು ವಿಜಯಲಕ್ಷ್ಮಿ 2005ರಲ್ಲಿ ಸಿದ್ಧಪಡಿಸಿದರು.

ಪಟ್ಟಿ ಕನ್ನಡದ್ದಾದರೂ ತೊಡಕು ಮುಗಿಯುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಹಾಲು ‘ಆಲು’, ಹತ್ತಿ ‘ಅತ್ತಿ’. ‘ಹತ್ತಿ’ ಎಂದದ್ದನ್ನು ಹಿರಿಯರೊಬ್ಬರು ‘ಅತ್ತಿ’ ಎಂದು ಮರಳಿ ನುಡಿದರೆ ಅದು ಕಿವಿಯ ದೋಷವೋ ನಾಲಗೆಯ ರೂಢಿಯೋ? ಆ ಸೀಮೆಯ ಮಾತು ಬಲ್ಲ ಪರೀಕ್ಷಕರಿಗೆ ಇದು ಸುಲಭ, ಬೇರೆಯವರಿಗೆ ಅಲ್ಲ. ಅದೇ ಸಂಸ್ಥೆಯಲ್ಲಿ ರಾಜಶೇಖರ್ ಅವರು 1976ರಷ್ಟು ಹಿಂದೆಯೇ ದೊಡ್ಡವರಿಗೂ ಮಕ್ಕಳಿಗೂ ಕನ್ನಡದಲ್ಲಿ ಚಿತ್ರಗಳ ಪರೀಕ್ಷೆಯೊಂದನ್ನು ರೂಪಿಸಿದ್ದರು. ಅಂಥ ಪರೀಕ್ಷೆಯಲ್ಲಿ ಪದವನ್ನು ಮರಳಿ ನುಡಿಯಬೇಕಾಗಿಲ್ಲ. ಕೇಳಿದ್ದರ ಚಿತ್ರಕ್ಕೆ ಬೆರಳಿಟ್ಟು ತೋರಿಸಿದರಾಯಿತು.