ಚಪ್ಪಟೆ ಪಾದ ಮತ್ತು ಪಾದದ ಅತಿಯಾದ ಒಳಬಾಗುವಿಕೆ: ಸಾರ್ವಜನಿಕರ ಮಾಹಿತಿಗಾಗಿ

ನಡೆಯುವಾಗ ಹಿಮ್ಮಡಿ ನೆಲ ಮುಟ್ಟಿದ ನಂತರ ಪಾದವು ಸ್ವಲ್ಪ ಒಳಮುಖವಾಗಿ ಬಾಗುವುದು ಸಹಜ ಕ್ರಿಯೆಯಾಗಿದ್ದು, ಇದರಿಂದ ಶರೀರದ ಭಾರದ ಆಘಾತವು ತಗ್ಗುತ್ತದೆ. ಈ ಬಾಗುವಿಕೆ ಮಿತಿಮೀರಿದಲ್ಲಿ ವೈದ್ಯರು ಅದನ್ನು ಓವರ್‌ಪ್ರೊನೇಷನ್ ಎನ್ನುತ್ತಾರೆ. ಇಂತಹವರಲ್ಲಿ ಪಾದದ ಒಳಬದಿಯ ಕಮಾನು ಸಾಮಾನ್ಯವಾಗಿ ತಗ್ಗಿರುವುದರಿಂದ ಚಪ್ಪಟೆ ಪಾದವೆಂದು ಕರೆಯುವುದು ರೂಢಿ. ನೋವಿಲ್ಲದಿದ್ದಲ್ಲಿ ಸಾಮಾನ್ಯವಾಗಿ ಚಿಕಿತ್ಸೆಯ ಅಗತ್ಯವಿರುವುದಿಲ್ಲ.

ಒದ್ದೆ ಪಾದವನ್ನು ಸಿಮೆಂಟ್ ನೆಲದ ಮೇಲೆ ಊರಿದಾಗ ಪಾದದ ಪೂರ್ಣ ಗುರುತು ಮೂಡಿದರೆ ಕಮಾನು ತಗ್ಗಿದೆಯೆಂದು ಊಹಿಸಬಹುದಾಗಿದೆ. ಆದರೆ ಇದಕ್ಕಿಂತ ಮುಖ್ಯವಾದುದು ತುದಿಗಾಲಿನ ಪರೀಕ್ಷೆ. ತುದಿಗಾಲಿನಲ್ಲಿ ನಿಂತಾಗ ಕಮಾನು ಮತ್ತೆ ಕಾಣಿಸಿಕೊಂಡರೆ ಅದು ಸಡಿಲ ಚಪ್ಪಟೆ ಪಾದ. ಕಾಣಿಸದಿದ್ದರೆ ಬಿಗಿ ಚಪ್ಪಟೆ ಪಾದವಿರಬಹುದು, ತಜ್ಞರ ತಪಾಸಣೆ ಅಗತ್ಯ. ಭೂಸೇನೆಯ ಅಧಿಕಾರಿ ಹುದ್ದೆಗಳ ವೈದ್ಯಕೀಯ ಮಾನದಂಡಗಳಲ್ಲಿಯೂ ಈ ವ್ಯತ್ಯಾಸವನ್ನು ಪರಿಗಣಿಸಲಾಗಿದೆ. ಆದುದರಿಂದ ಚಪ್ಪಟೆ ಪಾದವಿದೆ ಎಂಬ ಒಂದೇ ಕಾರಣಕ್ಕೆ ಯುವಜನರು ಅರ್ಜಿ ಸಲ್ಲಿಸುವುದನ್ನೇ ಕೈಬಿಡುವುದು ಸರಿಯಲ್ಲ. ನಿಯಮಗಳು ಪಡೆಯಿಂದ ಪಡೆಗೆ ಭಿನ್ನವಾಗಿರುವುದರಿಂದ ಸಂಬಂಧಿಸಿದ ಅಧಿಸೂಚನೆಯನ್ನು ಓದಿಕೊಳ್ಳತಕ್ಕದ್ದು.

ಚಿಕ್ಕ ಮಕ್ಕಳ ಪಾದ ಚಪ್ಪಟೆಯಾಗಿರುವುದು ಸಹಜ. ಬೆಳೆದಂತೆ ಬಹುಪಾಲು ಮಕ್ಕಳಲ್ಲಿ ಕಮಾನು ತಾನಾಗಿಯೇ ರೂಪುಗೊಳ್ಳುತ್ತದೆ. ನೋವಿಲ್ಲದ ಮಗುವಿಗೆ ದುಬಾರಿ ಬೂಟು ಕೊಡಿಸುವುದು ಅನಾವಶ್ಯಕ ಖರ್ಚು.

ಹಿಮ್ಮಡಿ, ಕಣಕಾಲಿನ ಒಳಬದಿ ಅಥವಾ ಮಂಡಿಯಲ್ಲಿ ನೋವಿರುವವರು ಸವೆದ ಹವಾಯಿ ಚಪ್ಪಲಿಗಳನ್ನು ಬಿಟ್ಟು, ಹಿಮ್ಮಡಿಯನ್ನು ಭದ್ರವಾಗಿ ಹಿಡಿಯುವ ಪಾದರಕ್ಷೆ ಧರಿಸುವುದು ಸೂಕ್ತ. ಗೋಡೆಗೆ ಕೈಯೂರಿ, ಹಿಂದಿನ ಕಾಲಿನ ಹಿಮ್ಮಡಿಯನ್ನು ನೆಲದಿಂದ ಎತ್ತದೆ 30 ಸೆಕೆಂಡು ಮೀನಖಂಡವನ್ನು ಹಿಗ್ಗಿಸುವ ವ್ಯಾಯಾಮವನ್ನು ದಿನವೂ ಕೆಲವು ಬಾರಿ ಮಾಡಬಹುದು. ಕಮಾನಿಗೆ ಆಸರೆ ನೀಡುವ ಒಳಅಟ್ಟೆಯಿಂದ ನೋವು ತಗ್ಗಬಹುದೇ ಹೊರತು, ವಯಸ್ಕರಲ್ಲಿ ಕಮಾನು ಹೊಸದಾಗಿ ಬೆಳೆಯುವುದಿಲ್ಲ.

ವಯಸ್ಕರಲ್ಲಿ ಒಂದು ಪಾದ ಮಾತ್ರ ಹೊಸದಾಗಿ ಚಪ್ಪಟೆಯಾಗುತ್ತಿದ್ದರೆ ಸ್ನಾಯುರಜ್ಜು ದುರ್ಬಲಗೊಂಡಿರುವ ಸಾಧ್ಯತೆಯಿದ್ದು, ಮೂಳೆ ತಜ್ಞರನ್ನು ವಿಳಂಬವಿಲ್ಲದೆ ಕಾಣುವುದು. ಮಧುಮೇಹಿಗಳ ಪಾದ ಕೆಂಪಾಗಿ, ಬಿಸಿಯಾಗಿ ಊದಿಕೊಂಡಲ್ಲಿ, ನೋವು ಇಲ್ಲದಿದ್ದರೂ ಸಹ, ಆ ಕಾಲಿನ ಮೇಲೆ ಭಾರ ಹಾಕದೆ ಅದೇ ದಿನ ಆಸ್ಪತ್ರೆಗೆ ತೆರಳತಕ್ಕದ್ದು. ನರಗಳ ಸಂವೇದನೆ ಕುಂದಿರುವುದರಿಂದ ಒಳಗೆ ಮೂಳೆ ಮುರಿಯುತ್ತಿದ್ದರೂ ಅರಿವಿಗೆ ಬಾರದಿರಬಹುದು.

ಅಂಗವಿಕಲತೆಯ ಪ್ರಮಾಣಪತ್ರ ಕೋರುವವರ ಗಮನಕ್ಕೆ: 2016ರ ಅಧಿನಿಯಮದಂತೆ ಮೀಸಲಾತಿ ಸೌಲಭ್ಯಕ್ಕೆ ಕನಿಷ್ಠ ಶೇ. 40ರಷ್ಟು ಅಂಗವಿಕಲತೆ ದೃಢಪಡಬೇಕಾಗಿರುತ್ತದೆ. ಚಪ್ಪಟೆ ಪಾದವೆಂದು ಬರೆದ ವೈದ್ಯರ ಚೀಟಿಯೊಂದೇ ಇದಕ್ಕೆ ಸಾಲದು. ಪ್ರಮಾಣವನ್ನು ನಿಗದಿಪಡಿಸುವವರು ಅಧಿಕೃತ ವೈದ್ಯಕೀಯ ಪ್ರಾಧಿಕಾರದವರು. ಅರ್ಜಿಯನ್ನು ಸ್ವಾವಲಂಬನ್ ಪೋರ್ಟಲ್‌ನಲ್ಲಿ ಸಲ್ಲಿಸಬಹುದಾಗಿದ್ದು, ತಪಾಸಣೆಯ ದಿನ ಹಿಂದಿನ ಎಕ್ಸ್‌ರೇ ಮತ್ತು ಚಿಕಿತ್ಸಾ ದಾಖಲೆಗಳನ್ನು ಜೊತೆಗೆ ಒಯ್ಯುವುದು ಒಳಿತು.